ಕಾಫಿ ಗೋಡೌನಿನಲ್ಲಿ 110 ಇಂಚು

ಈ ಸಲ ಪ್ರೊಜೆಕ್ಟರ್ ಕೊಳ್ಳುವ ಮೊದಲೇ ಗೋಡೆಗೆ ಬಣ್ಣ ಹೊಡೆಸಿದೆ. ನಮ್ಮನೆಯವರಿಗೆ ಇದು ವಿಚಿತ್ರವಾಗಿ ಕಂಡಿತು. "ಮೆಷಿನ್ನೇ ಬಂದಿಲ್ಲ, ಅದರ ರೂಮಿಗೆ ಪೇಂಟಾ?" ಅಂದರು. ಹೌದು, ಹಾಗೇ ಆಗಬೇಕು. ಬೆಂಗಳೂರಿನಲ್ಲಿದ್ದಾಗ ಮನೆಯಲ್ಲೇ ಪ್ರೊಜೆಕ್ಟರ್ ಹಾಕಿ ಸಿನಿಮಾ ನೋಡುವ ಈ ಹುಚ್ಚು ಹಚ್ಚಿಕೊಂಡು ಕೆಲವು ವರ್ಷ ಕಳೆದವಳು ನಾನು. ಆಗ ತಿಳಿದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಈಗ ಹಳತಾಗಿದೆ. ಉಳಿದದ್ದು ಒಂದೇ: ಚಿತ್ರ ಚೆನ್ನಾಗಿ ಬರುವುದು ಅರ್ಧಕ್ಕಿಂತ ಜಾಸ್ತಿ ರೂಮಿನಿಂದ.

ಮೊದಲ ಪ್ರೊಜೆಕ್ಟರ್ ತಂದದ್ದು 2006ರಲ್ಲಿ. ಡಿಎಲ್‌ಪಿ (ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಬಗೆ), 720ಪಿ (ಅಂದರೆ 1280 × 720 ಚುಕ್ಕಿ), ಡಬ್ಬದ ಮೇಲೆ 1,000 ಲ್ಯೂಮೆನ್ಸ್ (ಬೆಳಕಿನ ಅಳತೆ) ಅಂತ ಬರೆದಿತ್ತು. ಜಯನಗರದ ಬಾಡಿಗೆ ಮನೆ, ಬಿಳಿ ಗೋಡೆ, ಕಿಟಕಿಗೆ ಬೆಡ್‌ಶೀಟ್. ಬೀದಿದೀಪ ಒಳಗೆ ಬರದ ಹಾಗೆ ಬಾಗಿಲ ಸಂದಿಗೂ ಬಟ್ಟೆ ತುರುಕುತ್ತಿದ್ದೆವು. ಡಿವಿಡಿಯಲ್ಲಿ ಇರುವುದೇ 720 × 576 ಚುಕ್ಕಿ. ಅದನ್ನೇ ಗೋಡೆ ತುಂಬ ಹಿಗ್ಗಿಸಿ ಕೂತು ಆಹಾ ಅನ್ನುತ್ತಿದ್ದೆವು. ಆಗ ಡಿವಿಡಿಯ ಜಾಗಕ್ಕೆ ಯಾವ ಹೊಸ ಡಿಸ್ಕ್ ಅಂತ ಬ್ಲೂ-ರೇಗೂ ಎಚ್‌ಡಿ ಡಿವಿಡಿಗೂ ಜಗಳ ನಡೆದಿತ್ತು. ಯಾವುದನ್ನು ಕೊಂಡರೆ ಕೈ ಸುಟ್ಟುಕೊಳ್ಳುತ್ತೇವೋ ಅಂತ ಹೆದರಿ ಎರಡನ್ನೂ ಕೊಳ್ಳಲಿಲ್ಲ. 2008ರ ಫೆಬ್ರವರಿಯಲ್ಲಿ ತೋಷಿಬಾ ಎಚ್‌ಡಿ ಡಿವಿಡಿಯ ಕೈಬಿಟ್ಟಿತು, ಬ್ಲೂ-ರೇ ಗೆದ್ದಿತು. ಗೆದ್ದವರ ಡಿಸ್ಕನ್ನೂ ಈಗ ನಮ್ಮಲ್ಲಿ ಹುಡುಕಬೇಕು, ಆ ಮಾತು ಬೇರೆ.

2011ರಲ್ಲಿ ಮಾವ ಹೋದರು. ತೋಟ ನೋಡಿಕೊಳ್ಳಲು ಕೊಡಗಿಗೆ, ಸುಂಟಿಕೊಪ್ಪದ ಈ ಕಡೆಗೆ ಬಂದೆವು. ಪ್ರೊಜೆಕ್ಟರೂ ಸಾಮಾನಿನ ಜೊತೆ ಲಾರಿ ಹತ್ತಿತು.

ಇಲ್ಲಿ ಅದನ್ನು ಕೈಬಿಟ್ಟದ್ದು ಸಿನಿಮಾ ಬೇಸರವಾಗಿ ಅಲ್ಲ. ಲ್ಯಾಂಪಿನ ಕಾಟಕ್ಕೆ. ಆ ಕಾಲದ ಪ್ರೊಜೆಕ್ಟರಿನ ಲ್ಯಾಂಪ್ ಅಂದರೆ ಪುಟ್ಟ ಗಾಜಿನ ಗುಳ್ಳೆಯೊಳಗೆ ಪಾದರಸದ ಆವಿ. ಉರಿಯುವಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 200 ಪಟ್ಟು. ಅದನ್ನು ಆರಿಸಿದ ಮೇಲೆ ಫ್ಯಾನು ಸ್ವಲ್ಪ ಹೊತ್ತು ತಿರುಗಿ ತಣ್ಣಗೆ ಮಾಡಬೇಕು. ಕೊಡಗಿನಲ್ಲಿ ಜೂನ್ ತಿಂಗಳ ಗಾಳಿಗೆ ಎಲ್ಲೋ ಒಂದು ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದರೆ ಲ್ಯಾಂಪೂ ಆರುತ್ತದೆ, ಫ್ಯಾನೂ ನಿಲ್ಲುತ್ತದೆ. ಬಿಸಿ ಒಳಗೇ ಕೂರುತ್ತದೆ. ಕರೆಂಟ್ ಬಂದ ತಕ್ಷಣ ಹಾಕಿದರೆ ಹತ್ತುವುದೂ ಇಲ್ಲ, ತಣ್ಣಗಾಗುವವರೆಗೆ ಕಾಯಬೇಕು. ಹತ್ತಿದ ಎರಡು ನಿಮಿಷಕ್ಕೆ ಕರೆಂಟ್ ಮತ್ತೆ ಹೋಗುತ್ತದೆ. ಹೀಗೆ ಆಡಿದರೆ ಯಾವ ಲ್ಯಾಂಪ್ ತಾನೆ ಬಾಳಿಕೆ ಬಂದೀತು? ಕಂಪನಿಯವರು ಹೇಳುತ್ತಿದ್ದ 2,000 ಗಂಟೆಯೂ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಲೆಕ್ಕ, ಅದೂ ಒಳ್ಳೆ ಕರೆಂಟ್ ಇರುವ ಊರಿನದ್ದು. ಹೊಸ ಲ್ಯಾಂಪಿನ ಬೆಲೆ ಕೇಳಿದರೆ ಇನ್ನಷ್ಟು ಸೇರಿಸಿ ಟಿವಿಯನ್ನೇ ತರೋಣ ಅನ್ನಿಸುತ್ತಿತ್ತು. ಟಿವಿಯನ್ನೇ ತಂದೆವು.

ಆಮೇಲೆ ಲೆನ್ಸಿಗೆ ಫಂಗಸ್ ಬಂತು. ಕ್ಯಾಮೆರಾ ಇಟ್ಟುಕೊಂಡ ಕೊಡಗಿನವರಿಗೆಲ್ಲ ಇದು ಗೊತ್ತು. ಗಾಜಿನ ಒಳಮೈಯಲ್ಲಿ ಜೇಡರ ಬಲೆ ಥರ ಬೆಳ್ಳನೆ ಎಳೆ. ಬೀರುವಿನಲ್ಲಿ ರೇಷ್ಮೆ ಸೀರೆಗೆ ಬೂಸ್ಟು ಹಿಡಿಯದಿರಲಿ ಅಂತ ಝೀರೋ ಬಲ್ಬ್ ಉರಿಸುವ ಊರು ಇದು, ಗಾಜನ್ನು ಬಿಡುತ್ತದಾ? ಅಷ್ಟರಲ್ಲಿ ಮಗ ಹುಟ್ಟಿದ್ದ, ತೋಟದ ಕೆಲಸ ಹೆಚ್ಚಿತ್ತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದ ಮೇಲಂತೂ ಮಳೆಗಾಲದಲ್ಲಿ ಆರಾಮಾಗಿ ಕೂತು ಸಿನಿಮಾ ನೋಡುವ ಮನಸ್ಸೇ ಬಹಳ ದಿನ ಬರಲಿಲ್ಲ. ಪ್ರೊಜೆಕ್ಟರ್ ಅಟ್ಟ ಸೇರಿತು.

ಮತ್ತೆ ಶುರುವಾಗಲು ಎರಡು ಕಾರಣ. 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆ.ಜಿ. ಮೂಟೆಗೆ 10,000 ರೂಪಾಯಿ ದಾಟಿತು. ಅಂಥ ರೇಟು ಕಂಡ ವರ್ಷ ಬೆಳೆಗಾರರ ಮನೆಯಲ್ಲಿ ಯಾರಿಗಾದರೂ ಏನಾದರೂ ಒಂದು ಆಸೆ ಹುಟ್ಟಿಯೇ ಹುಟ್ಟುತ್ತದೆ. ಕೆಲವರು ಜೀಪ್ ತಗೊಂಡರು. ಎರಡನೆಯದು, ಲ್ಯಾಂಪ್ ಹೋಗಿ ಲೇಸರ್ ಬಂದಿದೆ. ಬೆಳಕು ಅರ್ಧಕ್ಕೆ ಇಳಿಯಲು ಈಗ ಹೇಳುವ ಲೆಕ್ಕ 20,000 ಗಂಟೆ. ದಿನಕ್ಕೆ ಎರಡು ಗಂಟೆ ನೋಡಿದರೂ 27 ವರ್ಷ. ಒತ್ತಿದ ಕೂಡಲೇ ಹತ್ತುತ್ತದೆ, ಬೇಕೆಂದಾಗ ಆರುತ್ತದೆ. ಕರೆಂಟ್ ಹೋದರೆ ಎದೆ ಧಸಕ್ ಅನ್ನುವುದಿಲ್ಲ. ಪೇಟೆಯವರಿಗೆ ಇದು ಸಣ್ಣ ಅನುಕೂಲ. ನಮ್ಮ ಕಡೆ ಈ ಹವ್ಯಾಸ ಸಾಧ್ಯವಾ ಇಲ್ಲವಾ ಅನ್ನುವುದೇ ಇದರ ಮೇಲೆ ನಿಂತಿದೆ.

ರೂಮಿನ ವಿಷಯಕ್ಕೆ ಬರುತ್ತೇನೆ. ಮನೆಯ ಹಿಂದೆ ಮಾವನ ಕಾಲದ ಕಾಫಿ ಗೋಡೌನ್ ಇದೆ. 18 ಅಡಿ ಉದ್ದ, 12 ಅಡಿ ಅಗಲ. ಹೆಂಚಿನ ಮಾಡು, ದಪ್ಪ ಗೋಡೆ, ಮೇಲೆ ಎರಡು ಪುಟ್ಟ ಕಿಂಡಿ. ಕಣದ ಪಕ್ಕ ಹೊಸ ಗೋಡೌನ್ ಆದ ಮೇಲೆ ಇದು ಹಳೇ ಗೋಣಿಚೀಲ, ಸ್ಪ್ರೇಯರ್, ಮುರಿದ ಏಣಿಗೆ ಮೀಸಲಾಗಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿದರೂ ಒಳಗೆ ಕೈ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಇಂಥ ಕತ್ತಲೆಗೆ ಜನ ಕಿಟಕಿ ಪರದೆಗೆಂದೇ ದುಡ್ಡು ಸುರಿಯುತ್ತಾರೆ.

ಕಪ್ಪು ಬಣ್ಣ ಹೊಡೆಸುತ್ತೇನೆ ಅಂದಾಗ ಅತ್ತೆ ಒಪ್ಪಲಿಲ್ಲ.

"ಕಾಫಿ ಇಟ್ಟ ಜಾಗ ಅದು. ಲಕ್ಷ್ಮಿ ಇದ್ದ ಜಾಗಕ್ಕೆ ಕಪ್ಪು ಬಳಿಯುವುದಾ? ಯಾರಾದರೂ ಕೇಳಿದರೆ ನಗುತ್ತಾರೆ."

"ಅತ್ತೆ, ಬಿಳಿ ಇದ್ದರೆ ಸಿನಿಮಾ ಮಸುಕಾಗುತ್ತೆ."

"ಥಿಯೇಟರಿನಲ್ಲಿ ಬಿಳಿ ಪರದೆ ಅಲ್ವಾ?"

"ಪರದೆ ಬಿಳಿ. ಗೋಡೆ ಅಲ್ಲ."

ಈ ವಾದವನ್ನು ನಾನು ಗೆದ್ದದ್ದು ಮಾತಿನಿಂದ ಅಲ್ಲ. ಅಟ್ಟದ ಹಳೇ ಪ್ರೊಜೆಕ್ಟರನ್ನೇ ಇಳಿಸಿ, ಫಂಗಸ್ ಸಮೇತ, ಸುಣ್ಣದ ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟೆ. ಅರ್ಧ ಕತ್ತಲೆ, ಅರ್ಧ ಬೆಳಕು ಇರುವ ಚಿತ್ರ. ಆಮೇಲೆ ಅಕ್ಕಪಕ್ಕದ ಗೋಡೆಗೂ ಮೇಲಕ್ಕೂ ಕಪ್ಪು ಕಂಬಳಿ ಹಿಡಿಸಿದೆ. ಕತ್ತಲೆಯ ಭಾಗ ಥಟ್ಟನೆ ಕಪ್ಪಾಯಿತು. ಪರದೆಯ ಬೆಳಕು ಗೋಡೆ, ಸೂರಿಗೆ ಬಡಿದು ವಾಪಸ್ ಪರದೆಗೇ ಬೀಳುತ್ತದೆ. ಕಪ್ಪು ಇರಬೇಕಾದ ಕಡೆ ಬೂದಿ ಬಣ್ಣ ಬರುವುದು ಅದಕ್ಕೇ. ಎಷ್ಟು ಲಕ್ಷದ ಪ್ರೊಜೆಕ್ಟರ್ ತಂದರೂ ಅದನ್ನು ಸರಿಮಾಡಲು ಆಗುವುದಿಲ್ಲ. ಅದರಲ್ಲೂ ಪರದೆಗೆ ಹತ್ತಿರದ ಸೂರೇ ಜಾಸ್ತಿ ತೊಂದರೆ ಕೊಡುವುದು. ಕೊನೆಗೆ ರಾಜಿ ಆಯಿತು. ಗೋಡೆಗೆ ಹುರಿದ ಕಾಫಿ ಬೀಜದ ಕಂದು, ಹೊಳಪಿಲ್ಲದ ಮ್ಯಾಟ್ ಪೇಂಟ್. ಪರದೆಯ ಮುಂದಿನ ನಾಲ್ಕಡಿ ಸೂರು ಮತ್ತು ಪಕ್ಕದ ಗೋಡೆಗೆ ಮೈಸೂರಿನಿಂದ ತಂದ ಕಪ್ಪು ವೆಲ್ವೆಟ್. ಬಟ್ಟೆಯಾದರೆ ಪರವಾಗಿಲ್ಲ, ಬೇಕೆಂದಾಗ ತೆಗೆಯಬಹುದು ಅಂದರು ಅತ್ತೆ. ಹಬ್ಬಕ್ಕೆ ತೆಗೆಯುತ್ತೇನೆ ಅಂತ ನಾನೂ ತಲೆಯಾಡಿಸಿದ್ದೇನೆ.

ಇಷ್ಟು ಕತ್ತಲೆ ಇದ್ದರೆ ಬೆಳಕು ಎಷ್ಟು ಬೇಕು ಅನ್ನುವ ಲೆಕ್ಕ ಬಹಳ ಸುಲಭವಾಗುತ್ತದೆ. ಡಿಜಿಟಲ್ ಥಿಯೇಟರಿನ ಪರದೆಗೆ ನಿಗದಿಯಾದ ಬೆಳಕು ಚದರ ಮೀಟರಿಗೆ 48 ಕ್ಯಾಂಡೆಲಾ. ನನ್ನ ಪರದೆ ಮೂಲೆಯಿಂದ ಮೂಲೆಗೆ 110 ಇಂಚು, ಅಂದರೆ ಸುಮಾರು ಎಂಟಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಸಾಮಾನ್ಯ ಬಿಳಿ ಪರದೆಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 500 ಲ್ಯೂಮೆನ್ಸ್ ಸಾಕು. ಐನೂರು! ಆನ್‌ಲೈನಿನಲ್ಲಿ ಆರೇಳು ಸಾವಿರ ರೂಪಾಯಿಯ ಡಬ್ಬಕ್ಕೆ ಹತ್ತು ಸಾವಿರ ಲ್ಯೂಮೆನ್ಸ್ ಅಂತ ಬರೆದಿರುತ್ತಾರೆ. ಅದು ಯಾವ ಅಳತೆಯೂ ಅಲ್ಲ. ಆನ್ಸಿ ಅಥವಾ ಐಎಸ್‌ಒ (ಅಳತೆಗೆ ಮಾನದಂಡ ನಿಗದಿ ಮಾಡುವ ಸಂಸ್ಥೆಗಳು) ಲ್ಯೂಮೆನ್ಸ್ ಅಂತ ಇದ್ದರೆ ಮಾತ್ರ ಅಂಕಿಗೆ ಬೆಲೆ. ಇನ್ನು ನಿಜವಾಗಿಯೂ ಮೂರ್ನಾಲ್ಕು ಸಾವಿರ ಲ್ಯೂಮೆನ್ಸ್ ಕೊಡುವವು ಹಗಲಲ್ಲಿ ಹಾಲ್‌ನಲ್ಲಿ ಕ್ರಿಕೆಟ್ ನೋಡುವವರಿಗೆ ಸರಿ. ಕತ್ತಲ ಗೋಡೌನಿನಲ್ಲಿ ಅದನ್ನು ಪೂರ್ತಿ ಬಿಟ್ಟರೆ ಚಿಕ್ಕ ಕೋಣೆಯಲ್ಲಿ ಮೈಕ್ ಹಿಡಿದು ಕೂಗಿದ ಹಾಗೆ.

ಬೆಳಕು ಜಾಸ್ತಿ ಬೇಕಾಗುವುದು ಎಚ್‌ಡಿಆರ್‌ಗೆ, ಅಂದರೆ ಕತ್ತಲೆಗೂ ಹೊಳಪಿಗೂ ನಡುವಿನ ಅಂತರ ಹೆಚ್ಚಿರುವ ಚಿತ್ರಗಳಿಗೆ. ನಾನು ಬಿಟ್ಟಾಗ ಈ ಹೆಸರೇ ಇರಲಿಲ್ಲ. ಎಚ್‌ಡಿಆರ್ ಚಿತ್ರಗಳನ್ನು 1,000 ನಿಟ್ಸ್ (ಒಂದು ನಿಟ್ ಅಂದರೆ ಚದರ ಮೀಟರಿಗೆ ಒಂದು ಕ್ಯಾಂಡೆಲಾ), ಕೆಲವನ್ನು 4,000 ನಿಟ್ಸ್ ಮಾನಿಟರಿನಲ್ಲಿ ಕೂತು ಸಿದ್ಧಪಡಿಸಿರುತ್ತಾರೆ. ಪ್ರೊಜೆಕ್ಟರಿನ ಪರದೆ 100 ನಿಟ್ಸ್ ಕೊಟ್ಟರೆ ದೊಡ್ಡದು. ಆ ಹೊಳಪನ್ನೆಲ್ಲ ಇಷ್ಟರೊಳಗೆ ಮಡಿಸಿ ಕೂರಿಸುವ ಕೆಲಸಕ್ಕೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ಅದು ಕೆಟ್ಟದಾಗಿದ್ದರೆ ಇಡೀ ಚಿತ್ರ ಸಂಜೆ ಏಳಕ್ಕೆ ನಡೆದಂತೆ ಕಾಣುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಎಷ್ಟೋ ಸಿನಿಮಾ ಸುಮ್ನೆ ಎಸ್‌ಡಿಆರ್‌ನಲ್ಲೇ, ಅಂದರೆ ಹಳೇ ಮಾಮೂಲಿ ರೀತಿಯಲ್ಲೇ, ಚೆನ್ನಾಗಿವೆ. ಎಚ್‌ಡಿಆರ್‌ನಲ್ಲಿ ಟಿವಿ ಗೆಲ್ಲುತ್ತದೆ. ಒಪ್ಪಿಕೊಳ್ಳೋಣ.

4ಕೆ (3840 × 2160 ಚುಕ್ಕಿ) ವಿಷಯದಲ್ಲಿ ಮಾತ್ರ ನಾನು ಬೆರಗಾದೆ. ಹಳೇ ಪ್ರೊಜೆಕ್ಟರಿನಲ್ಲಿ ಇದ್ದದ್ದು ಒಂಬತ್ತು ಲಕ್ಷ ಚಿಲ್ಲರೆ ಚುಕ್ಕಿ, ಈಗ 83 ಲಕ್ಷ, ಸರಿಯಾಗಿ ಒಂಬತ್ತು ಪಟ್ಟು. ಮಜಾ ಏನೆಂದರೆ ಕೈಗೆಟುಕುವ ಹೆಚ್ಚಿನ ಮೆಷಿನ್‌ಗಳ ಒಳಗಿನ ಚಿಪ್ 1920 × 1080 ಅಷ್ಟೇ. ಚಿತ್ರವನ್ನು ಕೂದಲೆಳೆಯಷ್ಟು ಅತ್ತಿತ್ತ ಜರುಗಿಸಿ ಒಂದೊಂದು ಫ್ರೇಮನ್ನೂ ನಾಲ್ಕು ಸಲ ತೋರಿಸುತ್ತವೆ. ಇದು ಮೋಸ ಅನ್ನುವವರಿದ್ದಾರೆ. ಹನ್ನೊಂದಡಿ ದೂರದಲ್ಲಿ ಕೂತ ನನ್ನ ಕಣ್ಣಿಗಂತೂ ಸಿಕ್ಕಿಬೀಳಲಿಲ್ಲ.

ಡಿಎಲ್‌ಪಿಯನ್ನೇ ಮತ್ತೆ ತರುವ ಆಸೆ ಇತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಮಾಡಿದ ಚಿಪ್ ಅದರ ಮೂಲ. ಉಗುರಿನಷ್ಟಗಲ ಜಾಗದಲ್ಲಿ ಲಕ್ಷಗಟ್ಟಲೆ ಕನ್ನಡಿಗಳು, ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ಓಲಾಡುತ್ತದೆ. ಇವತ್ತಿಗೂ ನೆನೆಸಿಕೊಂಡರೆ ರೋಮಾಂಚನ. ಆದರೆ ಒಂದೇ ಚಿಪ್ ಇರುವ ಡಿಎಲ್‌ಪಿ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ತೋರಿಸುತ್ತದೆ. ಕೆಲವರ ಕಣ್ಣಿಗೆ, ದೃಷ್ಟಿ ಹೊರಳಿಸಿದಾಗ, ಬಿಳಿ ಅಕ್ಷರದ ಅಂಚಿನಲ್ಲಿ ಕಾಮನಬಿಲ್ಲು ಮಿಂಚುತ್ತದೆ. ನನಗೆ ಕಾಣುವುದಿಲ್ಲ. ಹಳೇ ಪ್ರೊಜೆಕ್ಟರ್ ಬಿಟ್ಟ ದಿನ ಮಗ ಹತ್ತು ನಿಮಿಷಕ್ಕೇ "ಅಮ್ಮ, ಅಕ್ಷರದಿಂದ ಬಣ್ಣ ಹಾರ್ತಿದೆ" ಅಂದ. ಅಲ್ಲಿಗೆ ಡಿಎಲ್‌ಪಿ ಮುಗಿಯಿತು. ಮೂರು ಬಣ್ಣಕ್ಕೆ ಮೂರು ಪ್ಯಾನೆಲ್ ಇರುವ ಎಲ್‌ಸಿಡಿ ಲೇಸರ್ ತಂದೆವು. ಇದರಲ್ಲಿ ಕಾಮನಬಿಲ್ಲಿಲ್ಲ, ಆದರೆ ಪ್ಯಾನೆಲ್ ಮೇಲೆ ದೂಳು ಕೂತರೆ ಪರದೆಯಲ್ಲಿ ಮಸುಕು ಚೆಂಡಿನ ಥರ ಕಾಣುತ್ತದೆ. ಕಾಫಿ ಸಿಪ್ಪೆಯ ದೂಳು ಸಾಮಾನ್ಯವಲ್ಲ. ಹಂಚಿಗೂ ಸೂರಿಗೂ ನಡುವಿನ ಎಲ್ಲ ಸಂದಿಯನ್ನು ಆಚಾರಿ ಮುಚ್ಚಿದ ಮೇಲೆಯೇ ಪ್ರೊಜೆಕ್ಟರಿನ ಡಬ್ಬ ಬಿಚ್ಚಿದ್ದು. ಫಿಲ್ಟರ್ ತೊಳೆಯುವ ಕೆಲಸ ಮಗನಿಗೆ ವಹಿಸಿದ್ದೇನೆ, ಕಾಮನಬಿಲ್ಲು ಕಂಡವನು ಅವನೇ ತಾನೆ.

ತೇವದ ಬಗ್ಗೆ ಎಷ್ಟು ಬರೆದರೂ ಕಡಿಮೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ನಮ್ಮ ಕಡೆ ಅದಕ್ಕಿಂತ ಕಡಿಮೆ, ಆದರೂ ಜುಲೈ ತಿಂಗಳು ಉಪ್ಪಿನ ಡಬ್ಬಿ ನೀರಾಗುತ್ತದೆ. ಗೋಡೆಗೇ ಸ್ಕ್ರೀನ್ ಪೇಂಟ್ ಹೊಡೆದರೆ ಸಾಕು ಅಂತ ಬಯಲುಸೀಮೆಯವರು ಸಲಹೆ ಕೊಡುತ್ತಾರೆ. ಇಲ್ಲಿ ಒಂದು ಮಳೆಗಾಲಕ್ಕೆ ಅದು ಹಪ್ಪಳದಂತೆ ಏಳುತ್ತದೆ, ಬೇಡ. ಮೇಲಿಂದ ಎಳೆಯುವ ಸುರುಳಿ ಪರದೆಯೂ ಬೇಡ. ಸುತ್ತಿಟ್ಟರೆ ಒಳಗೆ ಬೂಸ್ಟು, ಬಿಚ್ಚಿದರೆ ಅಲೆ ಅಲೆ. ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದು ಎಳೆದ ಪರದೆಯೇ ಸರಿ. ಗೋಡೆಯಿಂದ ಒಂದು ಗೇಣು ಮುಂದೆ ನಿಲ್ಲಿಸಿ, ಹಿಂದೆ ಗಾಳಿ ಆಡಲು ಬಿಟ್ಟಿದ್ದೇವೆ. ಡಿಹ್ಯುಮಿಡಿಫೈಯರ್ ಒಂದು ಮೂಲೆಯಲ್ಲಿ ಇಡೀ ಮಳೆಗಾಲ ಗುಂಯ್ ಅನ್ನುತ್ತಿರುತ್ತದೆ. ತೇವಾಂಶ ಶೇಕಡಾ 60ರ ಕೆಳಗೆ ಇಟ್ಟರೆ ಫಂಗಸ್‌ಗೆ ಕಷ್ಟ. ಅದರ ತೊಟ್ಟಿ ದಿನಾ ತುಂಬುತ್ತದೆ. ಆ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಲ್ಲ ಅಂದರು ನಮ್ಮನೆಯವರು. ಬೇಡ, ಅದರಲ್ಲಿ ಕಾಯಿಲ್‌ನ ಲೋಹದ ಕೊಳೆಯೂ ದೂಳೂ ಸೇರಿರುತ್ತದೆ. ತೇವಕ್ಕೆ ಡಿಹ್ಯುಮಿಡಿಫೈಯರ್‌ಗಿಂತ ಒಳ್ಳೆಯ ಔಷಧ ಅಂದರೆ ಪ್ರೊಜೆಕ್ಟರನ್ನು ಆಗಾಗ ಹಾಕುತ್ತಿರುವುದು. ಒಳಗೆ ಬಿಸಿಯಾದರೆ ತೇವ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಸಿನಿಮಾ ನೋಡುವುದು ಮೆಷಿನ್ನಿನ ಆರೋಗ್ಯಕ್ಕೆ ಅಂತ ಹೇಳಿಕೊಳ್ಳಲು ನನಗೂ ಒಂದು ನೆಪ.

ಮ್ಯಾನ್ಯುಯಲ್‌ನಲ್ಲಿ ಹೈ ಆಲ್ಟಿಟ್ಯೂಡ್ ಮೋಡ್ ಅಂತ ಇರುತ್ತದೆ. ಬೆಟ್ಟದ ಊರು ಅಂತ ಅದನ್ನು ಹಾಕಲು ಹೋಗಬೇಡಿ. ಅದು ಸಾಮಾನ್ಯವಾಗಿ 1,500 ಮೀಟರಿಗಿಂತ ಮೇಲಿನವರಿಗೆ, ಮಡಿಕೇರಿಯೇ ಸುಮಾರು 1,150. ಹಾಕಿದರೆ ಫ್ಯಾನ್ ಸದ್ದು ಜಾಸ್ತಿಯಾಗುವುದಷ್ಟೇ ಲಾಭ.

ಕರೆಂಟಿಗೆ ಪ್ಯೂರ್ ಸೈನ್ ವೇವ್ ಇನ್ವರ್ಟರ್, 150 ಎಎಚ್ ಬ್ಯಾಟರಿ. ಪ್ರೊಜೆಕ್ಟರೂ ಪ್ಲೇಯರೂ ಸೇರಿ 350 ವ್ಯಾಟ್ ಎಳೆದರೂ ಒಂದು ಕನ್ನಡ ಸಿನಿಮಾ ಮುಗಿಯುತ್ತದೆ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಮಾತ್ರ ಯಾವ ಸ್ವಿಚ್ಚೂ ಇಲ್ಲ. ಗುಡುಗು ಕೇಳಿದರೆ ಪ್ಲಗ್ ಕೀಳುವುದು, ಅಷ್ಟೇ. ಚಿತ್ರ, ಶಬ್ದ ಸಾಗಿಸುವ ಎಚ್‌ಡಿಎಂಐ ಕೇಬಲ್ ಉದ್ದ ಜಾಸ್ತಿಯಾದರೆ ತಾಮ್ರದ್ದು 4ಕೆ ಸರಿಯಾಗಿ ಸಾಗಿಸುವುದಿಲ್ಲ, ಆಪ್ಟಿಕಲ್ ಫೈಬರ್ ಇರುವುದನ್ನು ಹಾಕಿದೆ. ಅದಕ್ಕೆ ಒಂದು ತುದಿ ಪ್ಲೇಯರಿಗೆ, ಇನ್ನೊಂದು ಪ್ರೊಜೆಕ್ಟರಿಗೆ ಅಂತ ನಿಗದಿ ಇರುತ್ತದೆ, ತಿರುಗಾಮುರುಗಾ ಆಗಬಾರದು. ಇಲಿಗೆ ಹೆದರಿ ಅದನ್ನು ಪಿವಿಸಿ ಪೈಪಿನೊಳಗೆ ಎಳೆಸಿದ್ದೇನೆ.

ಇನ್ನು ಶಬ್ದ. ಹೆಂಚಿನ ಮೇಲೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಇನ್ನು ಪರದೆಯವರ ಪಿಸುಮಾತು ಎಲ್ಲಿ? ಸೂರಿಗೆ ಮರದ ಹಲಗೆ ಹೊಡೆಸಿ ಅದರ ಮೇಲೆ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ಹಾಸಿದ ಮೇಲೆ ಅರ್ಧ ತಗ್ಗಿತು. ತಗಡಿನ ಶೀಟ್ ಆಗಿದ್ದರೆ ನಾನು ಈ ಯೋಜನೆಯನ್ನೇ ಬಿಡುತ್ತಿದ್ದೆ. ಡಾಲ್ಬಿ ಅಟ್ಮಾಸ್ 2014ರಿಂದ ಮನೆಗಳಿಗೂ ಬಂದಿದೆ, ತಲೆಯ ಮೇಲೂ ಸ್ಪೀಕರ್ ಇಟ್ಟು ಮೇಲಿಂದ ಮಳೆ ಸುರಿಸುತ್ತಾರೆ. ನಮಗೆ ಅದು ಪುಕ್ಕಟೆ ಸಿಗುತ್ತದೆ, ಹಾಗಾಗಿ ಸದ್ಯಕ್ಕೆ 5.1 (ಸುತ್ತ ಐದು ಸ್ಪೀಕರ್, ಬಾಸ್‌ಗೆ ಒಂದು) ಸಾಕು. ದುಡ್ಡನ್ನೆಲ್ಲ ಸೆಂಟರ್ ಸ್ಪೀಕರಿಗೆ ಹಾಕಿದೆ, ಮಾತು ಬರುವುದು ಅಲ್ಲಿಂದ. ಜೋರು ಮಳೆಗೆ ಸಬ್‌ಟೈಟಲ್ಲೂ ಹಾಕುತ್ತೇವೆ. ಅತ್ತೆಗೆ ಕನ್ನಡ ಸಬ್‌ಟೈಟಲ್ ಬೇಕು, ಅದು ಸಿಗುವ ಸಿನಿಮಾ ಕಡಿಮೆ.

ಸ್ಟ್ರೀಮಿಂಗ್‌ನ 4ಕೆಗೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್, 4ಕೆ ಬ್ಲೂ-ರೇ ಡಿಸ್ಕಿನಲ್ಲಿ 100 ದಾಟುವುದೂ ಉಂಟು. ಎಂಟಡಿ ಪರದೆಯಲ್ಲಿ ಆ ವ್ಯತ್ಯಾಸ ಕಾಣುತ್ತದೆ, ಮಂಜು, ಹೊಗೆ, ಕತ್ತಲೆ ಇರುವಲ್ಲಿ ಮುಖ್ಯವಾಗಿ. ಮರ ಬಿದ್ದು ಫೈಬರ್ ಕಡಿದ ವಾರ ಡಿಸ್ಕೇ ಗತಿ. ನಮ್ಮ ಹಳೇ ಡಿವಿಡಿಗಳೂ ಈಗಿನ ಮೆಷಿನ್ನಿನಲ್ಲಿ ಮುಂಚೆಗಿಂತ ಚೆನ್ನಾಗಿಯೇ ಬರುತ್ತವೆ.

ಆಟಿ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ನಾದಿನಿಯ ಮನೆಯವರೆಲ್ಲ ಬಂದಿದ್ದರು. ಆ ದಿನ ಕೊಡಗಿನಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸ ಗೋಡೌನಿಗೆ ತರುವ ಹಾಗಿಲ್ಲ ಅಂತ ಮೊದಲೇ ಹೇಳಿಟ್ಟಿದ್ದೆ, ಆ ನೇರಳೆ ಕಲೆ ಪರದೆಗೆ ಬಿದ್ದರೆ ಕಥೆ ಮುಗಿಯಿತು. ಭಾವನಿಗೆ ಒಂದೇ ಬೇಸರ: ಸಿನಿಮಾದ ಮೇಲೆ ಕೆಳಗೆ ಕಪ್ಪು ಪಟ್ಟಿ ಯಾಕೆ? ನಮ್ಮ ಹೆಚ್ಚಿನ ಸಿನಿಮಾಗಳು ಸ್ಕೋಪ್, ಅಗಲ ಎತ್ತರದ 2.39 ಪಟ್ಟು. ಪರದೆ 16:9. ಆ ಪಟ್ಟಿಯೂ ಪೂರ್ತಿ ಕಪ್ಪಲ್ಲ, ಸ್ವಲ್ಪ ಬೂದಿ. ವೆಲ್ವೆಟ್ ಸುತ್ತಿದ ಎರಡು ಹಲಗೆ ಮಾಡಿಸಿ ಬೇಕೆಂದಾಗ ಅಲ್ಲಿಗೆ ಸಿಕ್ಕಿಸಿದರೆ ಪಟ್ಟಿ ಮಾಯ. "ಹುತ್ತರಿ ಕಳೀಲಿ ಅಕ್ಕ, ಮಾಡಿಕೊಡ್ತೇನೆ" ಅಂದಿದ್ದಾರೆ ಆಚಾರಿ.

ಹುತ್ತರಿ, ಅಂದರೆ ಕೊಡಗಿನ ಸುಗ್ಗಿ ಹಬ್ಬ, ಕಳೆದರೆ ಕಾಫಿ ಕುಯ್ಲು. ಈ ವರ್ಷ ಫಸಲು ಚೆನ್ನಾಗಿದೆ, ಹೊಸ ಗೋಡೌನ್ ಸಾಲುವುದಿಲ್ಲ, ಹಳೆಯದರಲ್ಲಿ ಸ್ವಲ್ಪ ಮೂಟೆ ಇಡೋಣ ಅಂತ ನಮ್ಮನೆಯವರು ಈಗಲೇ ಶುರು ಮಾಡಿದ್ದಾರೆ. ದೂಳಿನ ಮಾತೆತ್ತಿ ಆಗಲ್ಲ ಅಂದೆ. ಆಮೇಲೆ ಯೋಚಿಸಿದೆ. ಹಿಂದಿನ ಎರಡು ಮೂಲೆಯಲ್ಲಿ ಬಾಸ್ ವಿಪರೀತ ಗುಮ್ಮೆನ್ನುತ್ತದೆ. ಸೂರಿನವರೆಗೆ ಗೋಣಿಮೂಟೆ ಪೇರಿಸಿದರೆ ಅದು ಸ್ವಲ್ಪ ಹಿಡಿತಕ್ಕೆ ಬರಬಹುದು. ಟಾರ್ಪಾಲು ಹೊದಿಸಿ ಮೂಲೆಗೆ ಮಾತ್ರ ಇಡುವುದಾದರೆ ಒಪ್ಪಿಗೆ ಅಂದಿದ್ದೇನೆ, ಮೂಟೆ ಮಾರುವ ಮೊದಲು ನನ್ನನ್ನು ಕೇಳಬೇಕು ಅನ್ನುವ ಷರತ್ತಿನ ಮೇಲೆ. ಆ ಷರತ್ತಿಗೆ ಅವರು ಇನ್ನೂ ಹೂಂ ಅಂದಿಲ್ಲ.